ಎಲ್ಲಾ, ಇಲ್ಲ, ಮತ್ತು ನಡುವಿನ ನಲವತ್ತು ನಿಮಿಷ

ಮೂರು ವರ್ಷದ ಹಿಂದಿನ ಮಾತು. ಅಪ್ಪನಿಗೆ ಹುಷಾರಿರಲಿಲ್ಲ. ತಮ್ಮ ಜೊತೆಗಿದ್ದ, ನಾನು ದೂರದಲ್ಲಿದ್ದೆ. ಬೆಳಿಗ್ಗೆಯೇ ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಮುಗಿದಿತ್ತು. ಸಂಜೆ ಹೊತ್ತಿಗೆ ತಮ್ಮನಿಂದ ಒಂದು ಮೆಸೇಜ್ ಬಂತು. ನಾಲ್ಕೇ ಪದ.

"ಎಲ್ಲಾ ರಿಪೋರ್ಟ್ ನಾರ್ಮಲ್ ಇಲ್ಲ."

ಫೋನ್ ಮಾಡಿದೆ, ಅವನು ಎತ್ತಲಿಲ್ಲ. ಮತ್ತೆ ಮಾಡಿದೆ, ಆಗಲೂ ಇಲ್ಲ. ನಾನು ಆ ನಾಲ್ಕು ಪದಗಳನ್ನು ಓದಿಕೊಂಡಿದ್ದು ಹೀಗೆ: ಒಂದು ರಿಪೋರ್ಟೂ ಸರಿಯಿಲ್ಲ. ಕಿಡ್ನಿ, ಲಿವರ್, ಹೃದಯ, ಯಾವುದೂ ಸರಿಯಿಲ್ಲ. ನಲವತ್ತು ನಿಮಿಷ ಅದೇ ಅರ್ಥವನ್ನು ಎದೆಯಲ್ಲಿ ಇಟ್ಟುಕೊಂಡು ಕೂತಿದ್ದೆ. ಆಮೇಲೆ ಅವನೇ ಫೋನ್ ಮಾಡಿದ. ಎಂಟು ರಿಪೋರ್ಟ್‌ನಲ್ಲಿ ಆರು ಸರಿಯಾಗಿದ್ದವು. ಎರಡರಲ್ಲಿ ಮಾತ್ರ ಸ್ವಲ್ಪ ಹೆಚ್ಚುಕಮ್ಮಿ. ಮಾತ್ರೆ ಬದಲಾಯಿಸಿದರೆ ಸಾಕು ಅಂದಿದ್ದರು.

ಅವತ್ತು ರಾತ್ರಿ ಸಮಾಧಾನ ಆದ ಮೇಲೂ ಆ ವಾಕ್ಯ ನನ್ನನ್ನು ಬಿಡಲಿಲ್ಲ. ಅದರಲ್ಲಿ ಒಂದೂ ಕಷ್ಟದ ಪದ ಇರಲಿಲ್ಲ. ಎರಡು ಅರ್ಥ ಇರುವ ಪದವೂ ಇರಲಿಲ್ಲ. "ಎಲ್ಲಾ" ಅಂದರೆ ಏನು, "ಇಲ್ಲ" ಅಂದರೆ ಏನು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಆದರೂ ಒಂದೇ ವಾಕ್ಯದಲ್ಲಿ ಎರಡು ಬೇರೆ ಬೇರೆ ಲೋಕ ಇದ್ದವು. ಒಂದರಲ್ಲಿ ಅಪ್ಪ ಹೆಚ್ಚುಕಡಿಮೆ ಚೆನ್ನಾಗಿದ್ದರು, ಇನ್ನೊಂದರಲ್ಲಿ ಕೈತಪ್ಪಿ ಹೋಗುತ್ತಿದ್ದರು. ಪದಗಳಲ್ಲಿ ಇಲ್ಲದ ಈ ಎರಡನೇ ಅರ್ಥ ಬಂದಿದ್ದಾದರೂ ಎಲ್ಲಿಂದ?

ಈ ಪ್ರಶ್ನೆ ಹಿಡಿದು ಹೊರಟು ನಾನು ಅರ್ಥವಿಜ್ಞಾನದ ಬಾಗಿಲಿಗೆ ಬಂದೆ. ಭಾಷಾವಿಜ್ಞಾನದಲ್ಲಿ ಧ್ವನಿಗೆ ಒಂದು ಶಾಖೆ ಇದೆ, ಪದರಚನೆಗೆ, ವಾಕ್ಯರಚನೆಗೆ ಒಂದೊಂದಿದೆ. ಹಾಗೆಯೇ ಅರ್ಥಕ್ಕೂ ಒಂದು ಶಾಖೆ. ಕನ್ನಡದಲ್ಲಿ ಅದನ್ನು ಅರ್ಥಶಾಸ್ತ್ರ ಅನ್ನುವ ಹಾಗಿಲ್ಲ, ಆ ಹೆಸರನ್ನು ಹಣದ ಶಾಸ್ತ್ರ ಆಗಲೇ ತೆಗೆದುಕೊಂಡಿದೆ. "ಅರ್ಥ" ಅನ್ನುವ ಪದಕ್ಕೆ ಹಣ ಅಂತಲೂ ಉಂಟು, ಉದ್ದೇಶ ಅಂತಲೂ ಉಂಟು. ಹಾಗಾಗಿ ಅರ್ಥವಿಜ್ಞಾನ, ಅಥವಾ ಶಬ್ದಾರ್ಥವಿಜ್ಞಾನ. ಯುರೋಪಿನಲ್ಲಿ ಇದಕ್ಕೆ ಸೆಮಾಂಟಿಕ್ ಅಂತ ಹೆಸರಿಟ್ಟವರು ಫ್ರಾನ್ಸಿನ ಮಿಶೆಲ್ ಬ್ರೆಯಾಲ್, 1883ರಲ್ಲಿ. ಅವರ ಆಸಕ್ತಿ ಇದ್ದದ್ದು ಪದಗಳ ಅರ್ಥ ಕಾಲಕಾಲಕ್ಕೆ ಹೇಗೆ ಬದಲಾಗುತ್ತದೆ ಅನ್ನುವುದರಲ್ಲಿ.

ಆ ಬದಲಾವಣೆಯ ಕಥೆಗಳು ಓದೋಕೆ ಚೆನ್ನಾಗಿರುತ್ತವೆ. ಗವೇಷಣೆ ಅಂದರೆ ಮೊದಲು ಹಸುಗಳನ್ನು ಹುಡುಕುವುದು, ಈಗ ಏನನ್ನು ಹುಡುಕಿದರೂ ಗವೇಷಣೆ. ಪ್ರವೀಣ ಅನ್ನುವ ಪದದೊಳಗೆ ವೀಣೆ ಇದೆ. ಮೃಗ ಅಂದರೆ ನಮಗೆ ಕಾಡುಪ್ರಾಣಿ, ಹಿಂದಿಯವರಿಗೆ ಜಿಂಕೆ. ಆದರೆ ಇವುಗಳನ್ನು ಇಟ್ಟುಕೊಂಡು "ಇದೇ ಆ ಪದದ ನಿಜವಾದ ಅರ್ಥ" ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಪದ ಹುಟ್ಟಿದ ದಿನದ ಅರ್ಥ ಅದರ ಚರಿತ್ರೆ, ಅಷ್ಟೆ. ಇವತ್ತು ಆಡುವವರು, ಕೇಳುವವರು ಏನಂತ ತಿಳಿಯುತ್ತಾರೋ ಅದೇ ಇವತ್ತಿನ ಅರ್ಥ. ಅಲ್ಲದೆ ನನ್ನ ನಾಲ್ಕು ಪದಗಳ ಒಗಟಿಗೆ ಈ ದಾರಿಯಲ್ಲಿ ಉತ್ತರವೂ ಇರಲಿಲ್ಲ.

ಉತ್ತರ ಇದ್ದದ್ದು ಪದಗಳು ಸೇರಿ ವಾಕ್ಯ ಆಗುವ ಜಾಗದಲ್ಲಿ.

ಈ ಜಾಗದ ಬಗ್ಗೆ ನಮ್ಮಲ್ಲಿ ಬಹಳ ಹಿಂದೆಯೇ ಜಗಳ ನಡೆದಿದೆ. ವೇದವಾಕ್ಯಗಳ ಅರ್ಥ ಬಿಡಿಸುತ್ತಿದ್ದ ಮೀಮಾಂಸಕರಲ್ಲಿ ಕುಮಾರಿಲ ಭಟ್ಟರ ಕಡೆಯವರು ಹೇಳಿದ್ದು, ಮೊದಲು ಪದಗಳು ತಮ್ಮ ತಮ್ಮ ಅರ್ಥ ಕೊಡುತ್ತವೆ, ಆಮೇಲೆ ಆ ಅರ್ಥಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ ಅಂತ. ಪ್ರಭಾಕರರ ಕಡೆಯವರು ಇದನ್ನು ಒಪ್ಪಲಿಲ್ಲ. ಪದ ಒಂಟಿಯಾಗಿ ಅರ್ಥ ಕೊಡುವುದೇ ಇಲ್ಲ, ಬೇರೆ ಪದದ ಜೊತೆ ಸೇರಿಕೊಂಡೇ ಕೊಡುತ್ತದೆ ಅಂದರು. ವ್ಯಾಕರಣ ಪಂಡಿತ ಭರ್ತೃಹರಿ ಇನ್ನೂ ಮುಂದೆ ಹೋಗಿ, ವಾಕ್ಯವೇ ಒಂದು ಇಡಿಯಾದ ಘಟಕ, ಪದಗಳು ನಾವು ಅನುಕೂಲಕ್ಕೆ ಬಿಡಿಸಿಕೊಂಡವು ಅಂದ. ವಾಕ್ಯ ಅರ್ಥ ಕೊಡಬೇಕಾದರೆ ಪದಗಳಿಗೆ ಒಂದರ ಮೇಲೊಂದು ಆಕಾಂಕ್ಷೆ ಇರಬೇಕು, ಯೋಗ್ಯತೆ ಇರಬೇಕು, ಹತ್ತಿರ ಇರಬೇಕು ಅಂತ ಮೀಮಾಂಸಕರು ಅನ್ನುತ್ತಿದ್ದರು. "ಬೆಂಕಿಯಿಂದ ನೆನೆಸುತ್ತಾನೆ" ಅನ್ನುವುದು ಅವರು ಕೊಡುತ್ತಿದ್ದ ಉದಾಹರಣೆ. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಬೆಂಕಿಗೂ ನೆನೆಸುವುದಕ್ಕೂ ಹೊಂದುವುದಿಲ್ಲ, ಯೋಗ್ಯತೆ ಇಲ್ಲ.

ಈ ಕಾಲದ ಅರ್ಥವಿಜ್ಞಾನ ಹೆಚ್ಚಾಗಿ ಗಾಟ್‌ಲೋಬ್ ಫ್ರೆಗೆಯಿಂದ ಶುರುವಾಗುತ್ತದೆ. ಜರ್ಮನಿಯ ಗಣಿತಜ್ಞ. 1892ರ ಒಂದು ಲೇಖನದಲ್ಲಿ ಅವರು ಕೇಳಿದ ಪ್ರಶ್ನೆ ಸರಳವಾಗಿದೆ. ಬೆಳಗಿನ ನಕ್ಷತ್ರ ಅನ್ನುವುದೂ ಶುಕ್ರ ಗ್ರಹವನ್ನೇ, ಸಂಜೆಯ ನಕ್ಷತ್ರ ಅನ್ನುವುದೂ ಅದನ್ನೇ. ಎರಡೂ ಹೆಸರು ತೋರಿಸುವ ವಸ್ತು ಒಂದೇ. ಹಾಗಿದ್ದರೆ "ಬೆಳಗಿನ ನಕ್ಷತ್ರವೇ ಸಂಜೆಯ ನಕ್ಷತ್ರ" ಅಂತ ತಿಳಿದಾಗ ಹೊಸದೇನೋ ಕಲಿತ ಹಾಗೆ ಯಾಕೆ ಆಗುತ್ತದೆ? ಹೆಸರು ತೋರಿಸುವ ವಸ್ತು ಒಂದು, ಅದನ್ನು ತೋರಿಸುವ ಬಗೆ ಇನ್ನೊಂದು. ಅರ್ಥದಲ್ಲಿ ಇವೆರಡೂ ಇವೆ ಅಂತ ಫ್ರೆಗೆ ಬಿಡಿಸಿ ತೋರಿಸಿದರು. ಭಾಗಗಳ ಅರ್ಥ ಮತ್ತು ಅವು ಜೋಡಿಸಿಕೊಂಡ ರೀತಿ, ಈ ಎರಡರಿಂದಲೇ ಇಡೀ ವಾಕ್ಯದ ಅರ್ಥ ಸಿಗುತ್ತದೆ ಅನ್ನುವ ತತ್ವವನ್ನೂ ಅವರ ಹೆಸರಿನಲ್ಲೇ ಕರೆಯುತ್ತಾರೆ.

ಜೋಡಿಸಿಕೊಂಡ ರೀತಿ. ನನ್ನ ನಲವತ್ತು ನಿಮಿಷ ಇದ್ದದ್ದು ಇಲ್ಲೇ.

"ಎಲ್ಲಾ ರಿಪೋರ್ಟ್ ನಾರ್ಮಲ್ ಇಲ್ಲ." ಇಲ್ಲಿ ಎರಡು ಪದ ಯಜಮಾನಿಕೆಗೆ ಪೈಪೋಟಿ ಮಾಡುತ್ತಿವೆ. "ಎಲ್ಲಾ" ಮೇಲೆ ಕೂತರೆ, ಒಂದೊಂದೇ ರಿಪೋರ್ಟ್ ಎತ್ತಿಕೊಳ್ಳಬೇಕು, ಪ್ರತಿಯೊಂದರ ಬಗ್ಗೆಯೂ "ಇದು ನಾರ್ಮಲ್ ಇಲ್ಲ" ಅನ್ನಬೇಕು. ಆಗ ಎಂಟೂ ಕೆಟ್ಟಿವೆ. "ಇಲ್ಲ" ಮೇಲೆ ಕೂತರೆ, "ಎಲ್ಲಾ ನಾರ್ಮಲ್" ಅನ್ನುವ ಮಾತನ್ನೇ ಅದು ತಳ್ಳಿಹಾಕುತ್ತದೆ. ಆಗ ಒಂದು ಕೆಟ್ಟಿದ್ದರೂ ಸಾಕು, ವಾಕ್ಯ ನಿಜ. ಇದನ್ನು ವ್ಯಾಪ್ತಿ ಅನ್ನುತ್ತಾರೆ. ಯಾವ ಪದದ ವ್ಯಾಪ್ತಿಯೊಳಗೆ ಯಾವ ಪದ ಇದೆ ಅನ್ನುವುದು ಬರೆದ ಅಕ್ಷರದಲ್ಲಿ ಕಾಣುವುದಿಲ್ಲ. ಕೇಳುವವರು, ಓದುವವರು ತಮ್ಮೊಳಗೆ ಕಟ್ಟಿಕೊಳ್ಳುತ್ತಾರೆ. ತಮ್ಮ ಒಂದು ಕಟ್ಟಡ ಕಳಿಸಿದ್ದ, ನಾನು ಇನ್ನೊಂದು ಕಟ್ಟಿಕೊಂಡೆ.

ಬಾಯಲ್ಲಿ ಹೇಳಿದ್ದರೆ ಬಹುಶಃ ಗೊತ್ತಾಗುತ್ತಿತ್ತು. "ಎಲ್ಲಾ" ಮೇಲೆ ಒತ್ತು ಕೊಟ್ಟು, ದನಿ ಸ್ವಲ್ಪ ಎಳೆದು ಹೇಳಿದರೆ ಎರಡನೇ ಅರ್ಥವೇ ಬರುತ್ತದೆ. ಬರೆಯುವಾಗಲೂ ದಾರಿ ಇತ್ತು. "ಯಾವ ರಿಪೋರ್ಟೂ ನಾರ್ಮಲ್ ಇಲ್ಲ" ಅಂದಿದ್ದರೆ ಎಂಟೂ ಕೆಟ್ಟಿವೆ ಅಂತಲೇ. "ಎಲ್ಲಾ ನಾರ್ಮಲ್ ಅಂತ ಅಲ್ಲ" ಅಂದಿದ್ದರೆ ಕೆಲವು ಮಾತ್ರ ಅಂತಲೇ. ಆ "ಅಲ್ಲ" ನೋಡಿ. ಇಂಗ್ಲಿಷಿನವರು ಒಂದೇ ಪದದಲ್ಲಿ ಮುಗಿಸುವ ಎಷ್ಟೋ ಕಡೆ ನಾವು ಇಲ್ಲ, ಅಲ್ಲ, ಬೇಡ ಅಂತ ಬೇರೆ ಬೇರೆ ಇಟ್ಟುಕೊಂಡಿದ್ದೇವೆ. ಇರುವಿಕೆಯನ್ನು ಅಳಿಸೋಕೆ ಇಲ್ಲ. ಗುರುತನ್ನು, ಹೇಳಿಕೆಯನ್ನು ಅಳಿಸೋಕೆ ಅಲ್ಲ. ಇಷ್ಟವನ್ನು, ಅಪ್ಪಣೆಯನ್ನು ಅಳಿಸೋಕೆ ಬೇಡ. ದಿನಕ್ಕೆ ನೂರು ಸಲ ಹೇಳುತ್ತೇವೆ, ಒಂದು ಸಲವೂ ತಪ್ಪುವುದಿಲ್ಲ.

ಈ ವ್ಯಾಪ್ತಿಯ ಲೆಕ್ಕವನ್ನು ಗಟ್ಟಿಯಾಗಿ ಬರೆಯಬಹುದು ಅಂತ ತೋರಿಸಿದವರಲ್ಲಿ ಅಮೆರಿಕದ ತರ್ಕಶಾಸ್ತ್ರಜ್ಞ ರಿಚರ್ಡ್ ಮಾಂಟೆಗ್ಯು ಮುಖ್ಯ. ನಾವು ಆಡುವ ಭಾಷೆಗೂ ತರ್ಕಶಾಸ್ತ್ರಜ್ಞರು ಕಟ್ಟುವ ಭಾಷೆಗೂ ತಾತ್ವಿಕವಾಗಿ ದೊಡ್ಡ ವ್ಯತ್ಯಾಸ ಇಲ್ಲ ಅಂತ 1970ರಲ್ಲಿ ಅವರು ಬರೆದರು. ಮಾರನೇ ವರ್ಷವೇ ತೀರಿಕೊಂಡರು. ಅವರು ಬಿಟ್ಟುಹೋದ ಕೆಲವೇ ಲೇಖನಗಳ ಮೇಲೆ ಒಂದು ಇಡೀ ಪರಂಪರೆ ಬೆಳೆಯಿತು.

ಆದರೆ ನನಗೆ ತುಂಬಾ ಖುಷಿ ಕೊಟ್ಟದ್ದು ಇನ್ನೊಂದು. 2002ರಲ್ಲಿ ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ ಎಂಬ ಇಬ್ಬರು ಭಾಷಾವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಒಂದು ಕಡೆ ಇಂಗ್ಲಿಷ್ ಮಾತಾಡುವ ನಾಲ್ಕು ವರ್ಷದ ಮಕ್ಕಳು, ಇನ್ನೊಂದು ಕಡೆ ಕನ್ನಡ ಮಾತಾಡುವ ನಾಲ್ಕು ವರ್ಷದ ಮಕ್ಕಳು. ವಿಷಯ ಇದೇ, ಎಣಿಕೆಯ ಪದ ಮತ್ತು ನಿಷೇಧ. ಆಟಿಕೆಗಳಲ್ಲಿ ಒಂದು ಕಥೆ ನಡೆಸಿ ತೋರಿಸುವುದು, ಆಮೇಲೆ ಒಂದು ಬೊಂಬೆ ಒಂದು ವಾಕ್ಯ ಹೇಳುವುದು, ಬೊಂಬೆ ಹೇಳಿದ್ದು ಸರಿಯೋ ತಪ್ಪೋ ಅಂತ ಮಗು ಹೇಳಬೇಕು.

ನನ್ನದೇ ಉದಾಹರಣೆ ಕೊಡುತ್ತೇನೆ. ನಾಲ್ಕು ಚೆಂಡು ಎಸೆದರು. ಹುಡುಗ ಎರಡು ಹಿಡಿದ, ಎರಡು ಬಿಟ್ಟ. ಈಗ "ಹುಡುಗ ಎರಡು ಚೆಂಡು ಹಿಡಿಯಲಿಲ್ಲ" ಅಂದರೆ ಸರಿಯಾ? ಅವನು ಹಿಡಿಯದ ಎರಡು ಚೆಂಡು ಇವೆಯಲ್ಲ, ಹಾಗೆ ನೋಡಿದರೆ ಸರಿ. ಆದರೆ "ಎರಡು ಹಿಡಿದ" ಅನ್ನುವುದು ಸುಳ್ಳು ಅಂತ ಓದಿದರೆ ತಪ್ಪು, ಯಾಕೆಂದರೆ ಎರಡು ಹಿಡಿದಿದ್ದಾನೆ. ದೊಡ್ಡವರಿಗೆ ಎರಡೂ ಅರ್ಥ ಸಿಗುತ್ತವೆ. ನಾಲ್ಕು ವರ್ಷದ ಮಕ್ಕಳು ಹೆಚ್ಚಾಗಿ ಎರಡನೆಯದನ್ನೇ ಹಿಡಿಯುತ್ತಾರೆ, "ಇಲ್ಲ"ವನ್ನು ಮೇಲೆ ಕೂರಿಸುತ್ತಾರೆ.

ಇದಕ್ಕೆ ಕನ್ನಡವೇ ಯಾಕೆ ಬೇಕಾಯಿತು? ಇಂಗ್ಲಿಷಿನಲ್ಲಿ ನಿಷೇಧದ ಪದ ಮೊದಲು ಬರುತ್ತದೆ, ಎಣಿಕೆ ಆಮೇಲೆ. ಆ ಮಕ್ಕಳು ಮೊದಲು ಕೇಳಿದ್ದನ್ನು ಮೇಲೆ ಕೂರಿಸಿದರೋ ಅಥವಾ ವಾಕ್ಯದ ಒಳಗಿನ ಕಟ್ಟಡ ನೋಡಿ ಕೂರಿಸಿದರೋ ಅಂತ ಹೇಳೋಕೆ ಆಗುವುದಿಲ್ಲ, ಎರಡೂ ಒಂದೇ ಉತ್ತರ ಕೊಡುತ್ತವೆ. ಕನ್ನಡದಲ್ಲಿ "ಎರಡು ಚೆಂಡು" ಮೊದಲೇ ಬಂದುಬಿಡುತ್ತದೆ, "ಇಲ್ಲ" ಕಟ್ಟಕಡೆಗೆ. ಬರೀ ಕೇಳಿದ ಸರದಿಯಲ್ಲಿ ಅರ್ಥ ಮಾಡಿಕೊಂಡಿದ್ದರೆ ಕನ್ನಡದ ಮಕ್ಕಳು ಎಣಿಕೆಯನ್ನು ಮೇಲೆ ಕೂರಿಸಬೇಕಿತ್ತು. ಅವರು ಹಾಗೆ ಮಾಡಲಿಲ್ಲ. ಕೊನೆಯಲ್ಲಿ ಬರುವ "ಇಲ್ಲ" ರಚನೆಯಲ್ಲಿ ಎತ್ತರದಲ್ಲಿದೆ ಅಂತ ಅವರಿಗೆ ಗೊತ್ತಿತ್ತು. ನಾಲ್ಕೇ ವರ್ಷದ ಮಕ್ಕಳು ವಾಕ್ಯವನ್ನು ಸಾಲಾಗಿ ಅಲ್ಲ, ಮರದ ಹಾಗೆ ಕೇಳುತ್ತಿದ್ದರು. ಇದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ತಮ್ಮನಿಗೊಬ್ಬ ಮಗಳಿದ್ದಾಳೆ. ಅವಳಿಗೂ ಆಗ ನಾಲ್ಕು ವರ್ಷ. ಒಂದು ದಿನ ಬಿದ್ದು ಮೊಣಕಾಲು ತರಚಿಕೊಂಡು, ಅತ್ತು, ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ನಾನು ಯೋಚನೆ ಇಲ್ಲದೆ ಕೇಳಿಬಿಟ್ಟೆ, "ಅಯ್ಯೋ, ನೀನೂ ಅತ್ತೆಯಾ?"

ಅವಳು ಮುಖ ಎತ್ತಿ ಕೇಳಿದಳು, "ಮತ್ತೆ ಯಾರು ಅತ್ರು?"

ನಾನು ಹೇಳಿದ್ದರಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ದೀರ್ಘ "ಊ" ಇತ್ತು. ನಿನಗಿಂತ ಮುಂಚೆ ಬೇರೆ ಯಾರೋ ಅತ್ತಿದ್ದಾರೆ ಅಂತ ಆ ಊಕಾರ ಹೇಳಿತ್ತು. ಹೇಳಿತ್ತು ಅನ್ನುವುದೂ ತಪ್ಪು, ಅದು ಆಗಲೇ ಇಬ್ಬರಿಗೂ ಗೊತ್ತಿರುವ ಸಂಗತಿ ಅನ್ನುವ ಹಾಗೆ ಮಾತನ್ನು ಮುಂದಕ್ಕೆ ಒಯ್ದಿತ್ತು. ಇದಕ್ಕೆ ಪೂರ್ವಗ್ರಹಿಕೆ ಅನ್ನುತ್ತಾರೆ. ಇದನ್ನು ಗುರುತಿಸೋಕೆ ಒಂದು ಸುಲಭದ ಪರೀಕ್ಷೆ ಇದೆ. "ಅವಳು ಅಳೋದು ನಿಲ್ಲಿಸಿದಳು" ಅನ್ನಿ. "ಅವಳು ಅಳೋದು ನಿಲ್ಲಿಸಲಿಲ್ಲ" ಅನ್ನಿ. "ಅವಳು ಅಳೋದು ನಿಲ್ಲಿಸಿದಳಾ?" ಅಂತ ಕೇಳಿ. ಹೇಳಿದರೂ, ಅಲ್ಲಗಳೆದರೂ, ಪ್ರಶ್ನೆ ಮಾಡಿದರೂ ಒಂದು ವಿಷಯ ಜಾಗ ಬಿಟ್ಟು ಕದಲುವುದಿಲ್ಲ: ಅವಳು ಮೊದಲು ಅಳುತ್ತಿದ್ದಳು. ವಾದ ಮಾಡುವವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಇದನ್ನು ಜಾಸ್ತಿ ಬಳಸುತ್ತಾರೆ. "ನೀನು ಯಾವಾಗ ಸರಿ ಹೋಗ್ತೀಯಾ?" ಅನ್ನುವ ಪ್ರಶ್ನೆಗೆ ಯಾವ ದಿನಾಂಕ ಹೇಳಿದರೂ ನೀವು ಈಗ ಸರಿಯಿಲ್ಲ ಅಂತ ಒಪ್ಪಿಕೊಂಡ ಹಾಗೆ. ಉತ್ತರ ಕೊಡದೆ ಪ್ರಶ್ನೆಯ ಬುಡಕ್ಕೇ ಕೈ ಹಾಕಬೇಕು. ನನ್ನ ಸೊಸೆ ಮಾಡಿದ್ದು ಅದನ್ನೇ.

ಅವತ್ತಿನಿಂದ ನಾನು ನಮ್ಮ ಭಾಷೆಯ ಸಣ್ಣ ಸಣ್ಣ ಬಾಲಗಳನ್ನು ಗಮನಿಸೋಕೆ ಶುರು ಮಾಡಿದೆ. ಊ, ಓ, ಏ, ಆ. ಒಂದೊಂದೂ ಒಂದೇ ಸ್ವರ. "ಯಾರು" ತೆಗೆದುಕೊಳ್ಳಿ, ಅದು ಪ್ರಶ್ನೆ. ಓ ಸೇರಿಸಿ, "ಯಾರೋ ಬಂದರು". ಪ್ರಶ್ನೆ ಹೋಯಿತು, ಗುರುತು ಸಿಗದ ಒಬ್ಬ ವ್ಯಕ್ತಿ ಬಂದ. ಊ ಸೇರಿಸಿ, "ಯಾರೂ ಬರಲಿಲ್ಲ". ಇದ್ದಬದ್ದವರನ್ನೆಲ್ಲ ಒಟ್ಟಿಗೆ ಬಾಚಿ ಹೊರಗಿಟ್ಟ ಹಾಗೆ. ಪ್ರಶ್ನೆ ಕೇಳುವ ಪದವೇ ಗೊತ್ತಿಲ್ಲದ ವ್ಯಕ್ತಿಯನ್ನು ಹೇಳುವ ಪದಕ್ಕೂ ಮೂಲವಾಗುವುದು ಎಷ್ಟೋ ಭಾಷೆಗಳಲ್ಲಿ ಇದೆ. ಕನ್ನಡದ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಈ ಒಗಟಿನ ಬಗ್ಗೆಯೇ 2000ರಲ್ಲಿ ಒಂದು ಲೇಖನ ಬರೆದಿದ್ದಾರೆ.

ಈಗ ಅದೇ ಬಾಲಗಳನ್ನು ಬೇರೆ ಕಡೆ ಹಚ್ಚಿ ನೋಡಿ. "ಅವನೂ ಅವಳೂ ಬಂದರು." ಊ ಇಲ್ಲಿ ಕೂಡಿಸುತ್ತಿದೆ, ಇಬ್ಬರೂ ಬೇಕು. "ಅವನೋ ಅವಳೋ ಬಂದರು." ಓ ಇಲ್ಲಿ ಆಯ್ಕೆ ಬಿಡುತ್ತಿದೆ, ಒಬ್ಬರು ಸಾಕು. ಈಗ "ಎಲ್ಲರೂ" ಅನ್ನುವುದರ ಕೊನೆ ನೋಡಿ, ಊ. "ಎರಡೂ", "ಮೂವರೂ", ಅಲ್ಲೂ ಊ. "ಯಾರೋ", "ಏನೋ", "ಎಲ್ಲೋ", ಅಲ್ಲೆಲ್ಲ ಓ.

ಇದು ಕಾಕತಾಳೀಯ ಅಲ್ಲ. "ಎಲ್ಲರೂ ಬಂದರು" ಅಂದರೆ ಏನು? ಇವನೂ ಬಂದ, ಅವಳೂ ಬಂದಳು, ಮತ್ತೊಬ್ಬನೂ ಬಂದ, ಹೀಗೆ ಕೊನೆಯವರೆಗೂ. "ಯಾರೋ ಬಂದರು" ಅಂದರೆ ಏನು? ಇವನೋ ಅವಳೋ ಮತ್ತೊಬ್ಬನೋ, ಹೀಗೆ ಕೊನೆಯವರೆಗೂ. ಎಲ್ಲಾ ಅನ್ನುವುದು ಉದ್ದಕ್ಕೂ ಕೂಡಿಸುತ್ತಾ ಹೋಗುವುದು. ಒಬ್ಬರಾದರೂ ಅನ್ನುವುದು ಉದ್ದಕ್ಕೂ ಆಯ್ಕೆ ಬಿಡುತ್ತಾ ಹೋಗುವುದು. ತರ್ಕಶಾಸ್ತ್ರ ಓದುವವರಿಗೆ ಇದನ್ನು ಚಿಹ್ನೆ ಹಾಕಿ ಕಲಿಸುತ್ತಾರೆ. ನಮಗೆ ಅದು ಎರಡು ಸ್ವರಗಳಲ್ಲಿ, ಹಾಲು ಕುಡಿಯುವ ವಯಸ್ಸಿನಿಂದ ಬಂದಿದೆ. ನಮಗೆ ಮಾತ್ರವೂ ಅಲ್ಲ. ಜಪಾನಿ ಭಾಷೆಯಲ್ಲಿ "ದಾರೆ" ಅಂದರೆ ಯಾರು. "ದಾರೆಕಾ" ಅಂದರೆ ಯಾರೋ. ನಿಷೇಧದ ಜೊತೆ "ದಾರೆಮೊ" ಅಂದರೆ ಯಾರೂ. ಅಲ್ಲಿಯ "ಕಾ" ಅಥವಾ ಅನ್ನುವುದಕ್ಕೂ ಬರುತ್ತದೆ, ಪ್ರಶ್ನೆಗೂ ಬರುತ್ತದೆ. ನಾವು "ಬರ್ತಾನೋ ಇಲ್ವೋ ಗೊತ್ತಿಲ್ಲ" ಅನ್ನುವಾಗಿನ ಓ ಥರ. ಅಲ್ಲಿಯ "ಮೊ" ನಮ್ಮ ಊ ಥರ, ಕೂಡ ಅನ್ನುವ ಅರ್ಥ ಅದಕ್ಕಿದೆ. ಕನ್ನಡಕ್ಕೂ ಜಪಾನಿಗೂ ನಂಟು ಇದೆ ಅಂತ ಭಾಷಾವಿಜ್ಞಾನಿಗಳು ಒಪ್ಪಿಲ್ಲ, ನಡುವೆ ಸಮುದ್ರಗಳಿವೆ. ಆದರೂ ಇಬ್ಬರೂ ಒಂದೇ ಕಡೆ ಹೋಗಿ ನಿಂತಿದ್ದೇವೆ.

ನಿಘಂಟಿನಲ್ಲಿ ಈ ಊ, ಓಗಳಿಗೆ ಸಿಗುವ ಜಾಗ ಸ್ವಲ್ಪವೇ. ಮನೆ, ಮರ, ಪ್ರೀತಿ ಇಂಥವಕ್ಕೆ ಸಿಗುವ ಮರ್ಯಾದೆ ಅವಕ್ಕಿಲ್ಲ. ಆದರೆ ಪ್ರೀತಿ ಅನ್ನುವ ಪದ ಗೊತ್ತಿಲ್ಲದಿದ್ದರೆ ಬೇರೆ ಮಾತಿನಲ್ಲಿ ವಿವರಿಸಿ ಹೇಗೋ ದಾಟಬಹುದು. ಊ ಇಲ್ಲದೆ, ಇಲ್ಲ ಇಲ್ಲದೆ, ಆ ವಿವರಣೆಯನ್ನಾದರೂ ಹೇಗೆ ಕೊಡುವುದು?

ಮತ್ತೆ ಆ ಮೆಸೇಜಿಗೆ ಬರುತ್ತೇನೆ. ಅವತ್ತು ನಾನು ಒಂದು ಕ್ಷಣ ನಿಂತು ಯೋಚಿಸಿದ್ದರೆ ಸರಿಯಾದ ಅರ್ಥ ಸಿಗುತ್ತಿತ್ತು. ಇದನ್ನು ತೋರಿಸಿಕೊಟ್ಟವರು ಪಾಲ್ ಗ್ರೈಸ್ ಎಂಬ ತತ್ವಜ್ಞಾನಿ. 1967ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಅವರು ಮಾತಿನ ಒಂದು ಒಳ ಒಪ್ಪಂದವನ್ನು ಬಿಡಿಸಿಟ್ಟರು. ಮಾತಾಡುವವರು ಒಬ್ಬರಿಗೊಬ್ಬರು ಸಹಕರಿಸುತ್ತಿರುತ್ತಾರೆ. ಎಷ್ಟು ಹೇಳಬೇಕೋ ಅಷ್ಟು ಹೇಳುತ್ತಾರೆ, ನಿಜ ಹೇಳುತ್ತಾರೆ, ವಿಷಯಕ್ಕೆ ಸೇರಿದ್ದನ್ನು ಹೇಳುತ್ತಾರೆ, ಸ್ಪಷ್ಟವಾಗಿ ಹೇಳುತ್ತಾರೆ ಅಂತ ಕೇಳುವವರು ನಂಬಿರುತ್ತಾರೆ. ಆ ನಂಬಿಕೆಯಿಂದಲೇ ಹೇಳದ್ದೂ ಅರ್ಥ ಆಗುತ್ತದೆ. "ಕೆಲವರು ಬಂದರು" ಅಂದರೆ ಎಲ್ಲರೂ ಬರಲಿಲ್ಲ ಅಂತ ತಿಳಿಯುತ್ತೇವೆ, ಎಲ್ಲರೂ ಬಂದಿದ್ದರೆ ಹಾಗೇ ಹೇಳುತ್ತಿದ್ದರು ಅಲ್ವಾ? ಅದೇ ಲೆಕ್ಕ ಇಲ್ಲೂ ಹಾಕಬಹುದಿತ್ತು. ನಿಜವಾಗಿ ಎಂಟೂ ಕೆಟ್ಟಿದ್ದರೆ ತಮ್ಮನಿಗೆ "ಯಾವುದೂ ಸರಿಯಿಲ್ಲ" ಅನ್ನುವ ಗಟ್ಟಿಯಾದ ಮಾತು ಕೈಗೆ ಸಿಗುವಂತಿತ್ತು. ಅದನ್ನು ಬಿಟ್ಟು "ಎಲ್ಲಾ ನಾರ್ಮಲ್ ಇಲ್ಲ" ಅಂದ ಅಂದರೆ, ಕೆಲವು ನಾರ್ಮಲ್ ಇವೆ ಅಂತಲೇ. ಆ ಲೆಕ್ಕಕ್ಕೆ ಬೇಕಾದ ತಾಳ್ಮೆ ಅವತ್ತು ನನ್ನಲ್ಲಿರಲಿಲ್ಲ. ಭಯ ಮೊದಲು ಒಂದು ಅರ್ಥ ಹಿಡಿಯಿತು, ಆಮೇಲೆ ಇನ್ನೊಂದನ್ನು ಒಳಗೆ ಬಿಡಲಿಲ್ಲ.

ನಮ್ಮ ಅಲಂಕಾರಶಾಸ್ತ್ರದವರು ಇದರ ಹತ್ತಿರದ ಜಾಗಕ್ಕೆ ಇನ್ನೊಂದು ದಾರಿಯಲ್ಲಿ ಬಂದಿದ್ದರು. ಒಂಬತ್ತನೇ ಶತಮಾನದ ಆನಂದವರ್ಧನ ವಾಚ್ಯಾರ್ಥದ ಆಚೆಗಿನ ಅರ್ಥವನ್ನು ಧ್ವನಿ ಅಂದ. "ಸೂರ್ಯ ಮುಳುಗಿದ" ಅನ್ನುವುದು ಈ ಪರಂಪರೆಯ ಹಳೆಯ ಉದಾಹರಣೆ. ಅದನ್ನೇ ಕೇಳಿ ದನ ಕಾಯುವವನು ಮನೆಗೆ ಹೊರಡುತ್ತಾನೆ, ಸಂಧ್ಯಾವಂದನೆ ಮಾಡುವವನು ಏಳುತ್ತಾನೆ, ನಲ್ಲನಿಗೆ ಕಾಯುವವಳ ಎದೆ ಹೊಡೆದುಕೊಳ್ಳುತ್ತದೆ. ವಾಕ್ಯ ಒಂದೇ. ಕೇಳುವವರು ಎಲ್ಲಿ ನಿಂತಿದ್ದಾರೆ ಅನ್ನುವುದೂ ಅರ್ಥದ ಒಂದು ಭಾಗ.

ಕನ್ನಡದಲ್ಲಿ ನಾವು "ನನಗೆ ಅರ್ಥ ಆಯಿತು" ಅನ್ನುತ್ತೇವೆ. ನಾನು ಮಾಡಿದೆ ಅನ್ನುವುದಿಲ್ಲ, ನನಗೆ ಆಯಿತು. ಹಸಿವಾಯಿತು, ಭಯವಾಯಿತು ಅನ್ನುವ ಹಾಗೆ. ಅವತ್ತು ಆ ಮೆಸೇಜ್ ನನಗೆ ಹಾಗೇ "ಆಯಿತು". ಇನ್ನೊಂದು ಮಾತೂ ಇದೆ, "ಅರ್ಥ ಮಾಡಿಕೊಂಡೆ" ಅಂತ. ಅದರಲ್ಲಿ ಕೆಲಸ ಇದೆ, ಹೊತ್ತು ಹಿಡಿಯುತ್ತದೆ.

ಎಷ್ಟೋ ದಿನ ಆದ ಮೇಲೆ ತಮ್ಮನಿಗೆ ಆ ಮೆಸೇಜ್ ತೋರಿಸಿದೆ. ಅವನಿಗೆ ನನ್ನ ಗಾಬರಿಯೇ ಹೊಳೆಯಲಿಲ್ಲ. "ಎಲ್ಲಾ ನಾರ್ಮಲ್ ಇಲ್ಲ ಅಂದ್ರೆ ಕೆಲವು ಇಲ್ಲ ಅಂತ ತಾನೇ? ಬೇರೆ ಏನು ಅರ್ಥ ಬರುತ್ತೆ ಅದಕ್ಕೆ?" ಅಂದ. ನಾನು ಕಾಗದದ ಮೇಲೆ ಬರೆದೆ: ಎಲ್ಲಾ ಮಕ್ಕಳೂ ಬಂದಿಲ್ಲ. ಮೊದಲು ಖಾಲಿ ಕೋಣೆ ಕಲ್ಪಿಸಿಕೊಂಡು ಓದು ಅಂದೆ, ಆಮೇಲೆ ಅರ್ಧ ತುಂಬಿದ ಕೋಣೆ. ಓದಿದ. ಇನ್ನೊಂದು ಸಲ ಓದಿದ. ಮೆಸೇಜನ್ನು ಮತ್ತೆ ನೋಡಿದ. ಅವನ ಮುಖದಲ್ಲಿ ಅದು ಬದಲಾಗಿದ್ದು ನನಗೆ ಕಂಡಿತು. ತುಂಬಾ ಹೊತ್ತು ಅವನು ಏನೂ ಮಾತಾಡಲಿಲ್ಲ.

ಆಗ ಹೊರಗಿನ ಬಾಗಿಲ ಹತ್ತಿರದಿಂದ ಅವನ ಮಗಳು ಕೂಗಿದಳು, "ಯಾರೋ ಬಂದಿದಾರೆ!"

"ಯಾರು?" ಅಂದೆ ನಾನು ಕೂತಲ್ಲಿಂದಲೇ.

"ಗೊತ್ತಿಲ್ಲ ಅತ್ತೆ," ಅಂದಳು. "ಗೊತ್ತಿದ್ರೆ ಯಾರೋ ಅಂತಿದ್ನಾ?"